ಗಂಡನ ಡಬ್ಬಿಗೆ ಕಾಡಿನ ಅಣಬೆ

ಕಾರ್ತಿಕ ಮಾಸವೆಂದು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಸಿಂಕಿನ ಪಕ್ಕದಲ್ಲಿದ್ದ ಫೋನು ಟಿಂಗ್ ಎಂದಿತು. ಧಾರವಾಡದ ಆಂಟಿಯ ಮೆಸೇಜು: 'ಇದನ್ನ ತಿನ್ನಬ್ಯಾಡ್ರಿ. ವಿಷದ್ದು ಇದ್ದಂಗ ಕಾಣಸ್ತದ.'

'ಇದು' ಎಂದರೆ ಬೆಳಗ್ಗೆ ನಾನು ಕಳಿಸಿದ್ದ ಅಣಬೆಯ ಫೋಟೋ. ಅದರ ಪಲ್ಯ ಅಷ್ಟು ಹೊತ್ತಿಗೆ ನನ್ನ ಗಂಡನ ಊಟದ ಡಬ್ಬಿಯಲ್ಲಿ ಕೂತು, ಟ್ರೈನು ಹತ್ತಿ, ಹೋಬೋಕನ್ ಊರಿನ ಆಫೀಸು ಸೇರಿತ್ತು.

ನಮ್ಮ ಮನೆತನದಲ್ಲಿ ಅಣಬೆ ತಿನ್ನುವುದಿಲ್ಲ. ನಾನು ಇವತ್ತಿಗೂ ಬಾಯಿಗಿಟ್ಟವಳಲ್ಲ. ಯಜಮಾನರಿಗೆ ಮಾತ್ರ ಈ ಅಮೆರಿಕದ ಪಿಜ್ಜಾ ಅದರ ರುಚಿ ಹತ್ತಿಸಿದೆ. ಆಂಟಿ ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ರಿಟೈರ್ ಆಗಿ, ಈಗ ಇಲ್ಲೇ ಇರುವವರು. ಎಲೆ ಉದುರುವ ಕಾಲಕ್ಕೆ ನಮ್ಮಂಥವರನ್ನು ಕ್ಯಾಟ್‌ಸ್ಕಿಲ್ ಬೆಟ್ಟಕ್ಕೆ ಕರೆದೊಯ್ದು ಅಣಬೆ ತೋರಿಸುತ್ತಾರೆ.

ಹಿಂದಿನ ದಿನ ಹೋಗಿದ್ದೆವು. ಆನೆಯ ಕಾಲಿನಂಥ ನಯವಾದ ಬೂದು ತೊಗಟೆ ಇದ್ದರೆ ಬೀಚ್ ಮರ ಎಂದು ಕಲಿತೆ. ಅದರ ಮೇಲೆ ಮೊದಲು ಕಂಡದ್ದು ಕುದುರೆ ಗೊರಸಿನಂಥ ಅಣಬೆ. ಎರಡೂ ಕೈಯಿಂದ ಎಳೆದೆ. ಅದು ಅಲ್ಲೇ ಇತ್ತು, ನಾನು ಒದ್ದೆ ಎಲೆಗಳ ಮೇಲೆ ಕೂತಿದ್ದೆ.

"ಅದು ಕಟ್ಟಿಗಿ ಇದ್ದಂಗ ಇರ್ತದವಾ. ನಿನ್ನ ಕುಕ್ಕರ್ ಸೋಲ್ತದ," ಎಂದರು ಆಂಟಿ.

ಆಮೇಲೆ ಬಿದ್ದ ಮರವೊಂದರಲ್ಲಿ ಬೀಸಣಿಗೆಗಳನ್ನು ಒಂದರ ಮೇಲೊಂದು ಸಿಕ್ಕಿಸಿದಂತಿದ್ದ ಆಯ್ಸ್ಟರ್ ಅಣಬೆ ತೋರಿಸಿದರು. ತಿನ್ನಬಹುದು, ಆದರೆ ತಮಗೆ ತೋರಿಸದೆ ಯಾರೂ ತಿನ್ನಬಾರದು ಎಂದರು. ಅಷ್ಟಕ್ಕೇ ನಾನು ಪಂಡಿತಳಾಗಿಬಿಟ್ಟೆ. ಕಾರು ಹತ್ತುವ ಮುಂಚೆ ಇನ್ನೊಂದು ಮರದಲ್ಲಿ ಅಂಥದ್ದೇ ಕಂಡಾಗ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡೆ. ಫೋಟೋ ಕಳಿಸಿದ್ದು ಪಲ್ಯ ಇಳಿಸಿದ ಮೇಲೆ, ಅದೂ ಶಹಬ್ಬಾಸ್‌ಗಿರಿಗಾಗಿ.

ಹುಣಸೆಹಣ್ಣಿನ ಕೈಯಲ್ಲೇ ಯಜಮಾನರಿಗೆ ಫೋನ್ ಮಾಡಿದೆ. ದೇವರ ದಯೆ, ಒಂದೇ ಸಲಕ್ಕೆ ಎತ್ತಿದರು.

"ರೀ, ಊಟ ಆಯ್ತಾ?"

"ಈಗಷ್ಟೇ ಆಯ್ತು. ಪಲ್ಯ ಫಸ್ಟ್ ಕ್ಲಾಸ್ ಕಣೆ."

ಕೇಳದೇ ನನ್ನ ಅಡುಗೆ ಹೊಗಳಿದವರಲ್ಲ ಇವರು. ಹೊಗಳಲು ಈ ದಿನವೇ ಬೇಕಿತ್ತೇ?

"ಅದು ವಿಷದ್ದಿರಬಹುದಂತೆ ರೀ."

"ಇರಬಹುದಾ, ಇದೆಯಾ? ಎರಡು ಗಂಟೆಗೆ ಮೀಟಿಂಗ್ ಇದೆ ನನಗೆ."

ಫೋನ್ ಇಟ್ಟು, ಆಂಟಿಗೆ ಮಾಡಿದೆ. ತಿಂದಾಯಿತೆಂದು ಕೇಳಿ ಅವರ ದನಿ ಗಟ್ಟಿಯಾಯಿತು.

"ಮರದ ಮ್ಯಾಲೆ ಬೆಳೆಯೋ ಕಿತ್ತಳಿ ಬಣ್ಣದ್ದೊಂದು ಅದ, ತಿಂದ್ರ ವಾಂತಿ ನಿಲ್ಲೋದಿಲ್ಲ. ಉಳದದ್ದು ಅದ ಏನು? ಹರದು ಒಳಗ ನೋಡು."

ಫ್ರಿಜ್ಜಿನಲ್ಲಿ ಒಂದು ಗೊಂಚಲು ಉಳಿದಿತ್ತು. ರಾಯರನ್ನು ನೆನೆದು ಹರಿದೆ.

"ಒಳಗೆ ಬೆಳ್ಳಗಿದೆ ಆಂಟಿ."

"ವಿಷದ್ದು ಒಳಗೂ ಕಿತ್ತಳಿನೇ. ಕೀಳುವಾಗ ಯಾವ ಬಣ್ಣ ಇತ್ತು?"

"ಬೂದು."

"ಮನಿಗೆ ತಂದು ಏನ್ ಮಾಡಿದಿ?"

"ತೊಳೆದೆ. ಹೂಕೋಸಿಗೆ ಮಾಡ್ತೀವಲ್ಲ, ಉಪ್ಪು ಅರಿಶಿನ ಹಾಕಿದ ಬಿಸಿನೀರಲ್ಲಿ..." ಹೇಳುತ್ತಲೇ ನನಗೇ ಅರ್ಥವಾಯಿತು, ಫೋಟೋದಲ್ಲಿ ಕಂಡದ್ದು ಅರಿಶಿನದ ಬಣ್ಣ. ದೇವರ ಮನೆ ಇರುವ ಮನೆಯೊಳಗೆ ಅಣಬೆ ಹಾಗೇ ಬರಬಾರದೆಂದು ಒಂದು ಚಮಚ ಅರಿಶಿನ ಜಾಸ್ತಿಯೇ ಹಾಕಿದ್ದೆ.

"ಕುಂಕುಮಾನೂ ಹಚ್ಚಬೇಕಿತ್ತಲ್ಲವಾ," ಎಂದರು ಆಂಟಿ. ನಗಲಿಲ್ಲ. ಅಡಿಭಾಗದ್ದು, ಹರಿದದ್ದು, ಎಲ್ಲದರ ಫೋಟೋ ತರಿಸಿಕೊಂಡು ನೋಡಿದರು. ಅಣಬೆಯ ಅಡಿಯ ಗೆರೆಗಳು ಆಯ್ಸ್ಟರಿನಲ್ಲಿರುವಂತೆ ಬುಡದವರೆಗೂ ಇಳಿದಿದ್ದವು. "ಆಯ್ಸ್ಟರೇ ಅದ. ಆದ್ರೂ ಸಂಜೀತನಕ ಫೋನ್ ಮಾಡಿ ಅವರನ್ನ ಕೇಳ್ಕೋತ ಇರು." ಆಮೇಲೆ ನಕ್ಕರು, ಸಾಕಷ್ಟು ಹೊತ್ತು. ವಿಷದ್ದಲ್ಲವೆಂದು ಯಜಮಾನರಿಗೆ ಮೆಸೇಜು ಹಾಕಿದೆ.

ಸಂಜೆ ಯಜಮಾನರು ಗಟ್ಟಿಮುಟ್ಟಾಗಿ ಒಳಗೆ ಬಂದರು. ದೇವರಿಗೆ ಕೈಮುಗಿದೆ.

"ಉಳಿದಿದ್ದರೆ ರಾತ್ರಿಗೂ ಅದನ್ನೇ ಮಾಡೇ."

ಉಳಿದದ್ದು ಆಗಲೇ ಕಸದ ಚೀಲದಲ್ಲಿತ್ತು. ಯಾರನ್ನೂ ಕೇಳದೆ ತಿನ್ನಬಹುದಾದ ಹುರುಳಿಕಾಯಿ ತೆಗೆದುಕೊಂಡು ನಾರು ಬಿಡಿಸಲು ಕೂತೆ.