ಮೊದಲ ರೊಟ್ಟಿ

ಅಕ್ಕ ತಟ್ಟಿದ ಮೊದಲ ರೊಟ್ಟಿ ಯಾವತ್ತೂ ನಮ್ಮದಲ್ಲ, ನಾಯಿಯದು. ಊರಿನ ಆ ಪದ್ಧತಿಯನ್ನು ಅವಳು ಬೊಮ್ಮನಹಳ್ಳಿಯ ಬಾಡಿಗೆ ಕೋಣೆಗೂ ತಂದಿದ್ದಳು. ಗಾರ್ಮೆಂಟ್ಸ್‌ಗೆ ಓಡುವ ಗಡಿಬಿಡಿಯಲ್ಲಿ ನಮ್ಮ ಬುತ್ತಿಗೆ ಕಡಿಮೆ ಬಿದ್ದರೂ ಗಲ್ಲಿಯ ಕರಿ ನಾಯಿಮರಿಗೆ ತಪ್ಪುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಮರಿ ರೊಟ್ಟಿಯ ಜೊತೆ ಅವಳ ಬೆರಳಿಗೂ ಬಾಯಿ ಹಾಕಿತು. ಒಂದು ಹನಿ ರಕ್ತ ಬಂತು. ಇಂಜೆಕ್ಷನ್ ಮಾಡಿಸು ಎಂದೆ.

“ಕಚ್ಚೈತೇನ ಅದು? ರೊಟ್ಟಿಗೆ ಬಾಯಿ ಹಾಕೈತಿ. ನಮ್ದ ಮರಿ, ಏನೂ ಆಗಂಗಿಲ್ಲ ಬಿಡು.”

ಮನೆ ಓನರ್ ಅಜ್ಜಿ ಮಹಡಿಯಿಂದ ಇಳಿದು ಬಂದರು. “ಮರೀದಿನ್ನೂ ಆಲಿನಲ್ಲು ಕಣವ್ವ, ಇಸ ಇರಾಕಿಲ್ಲ. ಒಸಿ ಸುಣ್ಣ ಅಚ್ಚು, ಓಯ್ತದೆ,” ಎಂದು ಎಲೆಅಡಿಕೆ ಡಬ್ಬಿಯಿಂದ ತಾವೇ ಹಚ್ಚಿದರು. ಅಕ್ಕ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ನಡೆದಳು. ಆಮೇಲೆ ಮರಿ ಕಾಣಲಿಲ್ಲ. ಯಾರೋ ಸಾಕಲು ಒಯ್ದಿರಬೇಕು ಎಂದುಕೊಂಡೆವು.

ಬೆರಳು ಮಾಯ್ದು ಎಲ್ಲರಿಗೂ ಮರೆತುಹೋಗಿತ್ತು. ಒಂದು ದಿನ ಅದೇ ಕೈ ಜುಮುಗುಟ್ಟತೊಡಗಿತು, ಜ್ವರ ಬಂತು. ಚಹಾದ ಲೋಟ ತುಟಿಗೆ ತಂದರೆ ಅವಳ ಗಂಟಲು ಬಿಗಿದುಕೊಳ್ಳುತ್ತಿತ್ತು. ಬಾಯಾರಿಕೆ ಎನ್ನುತ್ತಿದ್ದಳು, ನೀರು ಕಂಡರೆ ಚೀರುತ್ತಿದ್ದಳು.

ನಡೆದದ್ದೆಲ್ಲ ನಾನು ಹೇಳಿದ ಮೇಲೆ, “ರೇಬೀಸ್,” ಎಂದರು ಆಸ್ಪತ್ರೆಯ ಡಾಕ್ಟರು. “ಸುಣ್ಣಗಿಣ್ಣ ಹಚ್ಚಬಾರ್ದಮ್ಮ. ತಕ್ಷಣ ಸೋಪು ಹಾಕಿ, ನಲ್ಲಿ ಕೆಳಗೆ ಕಾಲು ಗಂಟೆ ಗಾಯ ತೊಳೀಬೇಕು. ಅವತ್ತೇ ಇಂಜೆಕ್ಷನ್ ಶುರು ಮಾಡಿ, ಪೂರ್ತಿ ತಗೋಬೇಕು. ಮರಿ ಆದ್ರೂ ಅಷ್ಟೇ, ಮನೆ ನಾಯಿ ಆದ್ರೂ ಅಷ್ಟೇ. ರೋಗ ಕಾಣಿಸ್ಕೊಂಡ್ಮೇಲೆ ನಮ್ ಕೈಲಿ ಏನೂ ಇಲ್ಲ.”

ನಲ್ಲಿ ನಮ್ಮ ಬಾಗಿಲ ಮುಂದೆಯೇ ಇತ್ತು. ಅದರ ಪಕ್ಕದ ಕಟ್ಟೆಯ ಮೇಲೆ ಬಟ್ಟೆ ಸೋಪು ಇತ್ತು. ಅಜ್ಜಿಯನ್ನು ಬೈಯಲೂ ನನಗೆ ಬಾಯಿ ಬರಲಿಲ್ಲ. ಪ್ರೀತಿಯಿಂದ ಹಚ್ಚಿದ್ದರು.

ಎಚ್ಚರವಿದ್ದ ಗಳಿಗೆಯಲ್ಲಿ ಅಕ್ಕ ಚರ್ಮ ಒಡೆದ ನನ್ನ ಅಂಗೈ ನೋಡಿದಳು. “ಮರಿ ನಿನ್ ಕೈನೂ ನೆಕ್ಕತಿತ್ತು. ನೀ ಸೂಜಿ ಮಾಡಿಸ್ಕೋ,” ಎಂದಳು. ಅವಳು ತಿಳಿದು ಆಡಿದ ಕೊನೆಯ ಮಾತು ಅದೇ. ಮರುದಿನ ಹೋದಳು.

ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ನರ್ಸ್ ತೋಳಿಗೆ ಸೂಜಿ ಚುಚ್ಚಿ, “ಆಯ್ತು, ಏಳಮ್ಮ,” ಎಂದರು. ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

“ಇಷ್ಟೇ ಏನ್ರೀ?” ಎಂದು ಕೇಳಿದೆ. ಹೌದು ಎಂದರು. ನನಗೆ ಆ ಸ್ಟೂಲಿನಿಂದ ಏಳಲಾಗಲಿಲ್ಲ.