ಜಲಜಕ್ಕನ ಮೂಗು

ಬೀಜಾಡಿಯ ಜಲಜಕ್ಕನ ಮೂಗಿನ ಮೇಲೆ ಊರಿಗೇ ನಂಬಿಕೆ. ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. ಮುಚ್ಚಳ ತೆಗೆಯುವ ಮೊದಲೇ, ಇದು ಇವತ್ತಿನದು, ಇದು ಮೂರು ದಿನ ಐಸಿನಲ್ಲಿ ಮಲಗಿ ಎದ್ದು ಬಂದದ್ದು ಎಂದು ಹೇಳಿಬಿಡುತ್ತಿದ್ದಳು. ಅವಳು ಬರುವುದು ಕಂಡರೆ ಬಂದರಿನವರು ಹಳೇ ಬಂಗುಡೆಯನ್ನು ಮೆಲ್ಲ ಹಿಂದೆ ಸರಿಸುತ್ತಿದ್ದರಂತೆ. ಬಾಯಿಯೂ ಮೂಗಿನಷ್ಟೇ ಚುರುಕು, ಆ ಮಾತು ಬೇರೆ.

ಕೊರೊನಾ ಬಂತು, ಬೋಟು ದಡ ಹತ್ತಿತು, ಬುಟ್ಟಿ ಕವುಚಿ ಬಿತ್ತು. ಆಗ ಕೈಹಿಡಿದದ್ದು ಪ್ರೇಮಾನಂದ ಶೆಟ್ರು. ಮುಂಬೈಯಲ್ಲಿ ಅವರ ಹೋಟೆಲಿಗೆ ಬೀಗ ಬಿದ್ದಿತ್ತು. ಊರಿಗೆ ಬಂದವರು ಸುಮ್ಮನೆ ಕೂರುವ ಜನವಲ್ಲ. ಪಾಳುಬಿದ್ದ ಹಂಚಿನ ಕಾರ್ಖಾನೆಯ ಶೆಡ್ಡು ಹಿಡಿದು, ಸ್ಯಾನಿಟೈಸರ್ ಸ್ಪ್ರೇ ಡಬ್ಬಿ ತುಂಬುವ ಯಂತ್ರ ತಂದು ನಿಲ್ಲಿಸಿದರು. ಡಬ್ಬಿಗೆ ಸ್ಪಿರಿಟ್ ತುಂಬಬೇಕು, ಬಾಯಿ ಒತ್ತಿ ಮುಚ್ಚಬೇಕು, ಒಳಗೆ ಗ್ಯಾಸ್ ನುಗ್ಗಿಸಬೇಕು. ಕಡೆಗೆ ಒಂದೊಂದು ಡಬ್ಬಿಯನ್ನೂ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೋ ನೋಡಬೇಕು. ಆ ತೊಟ್ಟಿಯ ಕೆಲಸಕ್ಕೆ ಜಲಜಕ್ಕ ತನ್ನ ತಂಗಿ ವನಜಳನ್ನೂ ಕರೆತಂದಳು.

ಒಂದು ಕಿಡಿ ಬಿದ್ದರೆ ಎಲ್ಲರ ಕತೆಯೂ ಮುಗಿಯಿತು, ಅಂಥ ಜಾಗ ಅದು. ಗ್ಯಾಸೋ ಸ್ಪಿರಿಟ್ಟೋ ಸೋರಿದರೆ ಕಿರುಚುವ ಪೆಟ್ಟಿಗೆಯೊಂದು ಗೋಡೆಯಲ್ಲಿತ್ತು. ಎರಡೇ ತಿಂಗಳಲ್ಲಿ ಕೆಟ್ಟಿತು. ರಿಪೇರಿಯವನು ಇವತ್ತು ಬಂದೆ, ನಾಳೆ ಬಂದೆ ಅಂದ, ಬರಲಿಲ್ಲ. "ಜಲಜಕ್ಕ ಇದ್ರಲೆ, ಪೆಟ್ಗಿ ಎಂತಕೆ?" ಎಂದರು ಶೆಟ್ರು. ಅಲ್ಲಿಂದ ದಿನಾ ಬೆಳಿಗ್ಗೆ ಅವಳು ಮಾಸ್ಕ್ ಕೆಳಗೆ ಸರಿಸಿ ಶೆಡ್ಡು ಇಡೀ ಮೂಸುತ್ತ ಒಂದು ಸುತ್ತು ಬರಬೇಕು. ಅವಳು ಸೈ ಅಂದ ಮೇಲೆಯೇ ಸ್ವಿಚ್ಚು. ಎರಡು ಸಲ ಸೋರಿಕೆ ಹಿಡಿದೂ ಕೊಟ್ಟಳು. ಶೆಟ್ರು ಎಲ್ಲರೆದುರು ಕೈಮುಗಿದರು. ಮೀನಿನ ಬುಟ್ಟಿ ಹೊತ್ತವಳಿಗೆ ಯಾರು ಕೈಮುಗಿದಿದ್ದರು ಹೇಳಿ?

ನವರಾತ್ರಿಗೆ ಎರಡು ವಾರ ಇರುವಾಗ ಜಲಜಕ್ಕನಿಗೆ ಸಣ್ಣ ಜ್ವರ ಬಂದು ಇಳಿಯಿತು. ಮಾರನೆಯ ದಿನ ಒಲೆಯ ಮೇಲೆ ಮೀನು ಸಾರು ಕೊತಕೊತ ಕುದಿಯುತ್ತಿದೆ, ವಾಸನೆಯೇ ಇಲ್ಲ. ಒಣಮೀನನ್ನು ಮೂಗಿಗೆ ಒತ್ತಿ ಹಿಡಿದಳು. ಇಲ್ಲ. ಬೆಳ್ಳುಳ್ಳಿ ಜಜ್ಜಿ ನೋಡಿದಳು. ಇಲ್ಲ. ಟಿವಿಯಲ್ಲಿ ದಿನಾ ಅದನ್ನೇ ಬಡಿದುಕೊಳ್ಳುತ್ತಿದ್ದರಲ್ಲ, ಅವಳಿಗೆ ಅರ್ಥವಾಯಿತು.

ಹೇಳಿದರೆ ಗಂಟಲಿಗೆ ಕಡ್ಡಿ ಹಾಕುತ್ತಾರೆ, ಮನೆ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಶೆಡ್ಡಿಗೆ ಬೀಗ ಜಡಿಯುತ್ತಾರೆ. ಅಷ್ಟೇ ಆಗಿದ್ದರೆ ಹೇಳುತ್ತಿದ್ದಳೇನೋ. ಮೂಗು ಸತ್ತ ಜಲಜಕ್ಕ ಯಾರಿಗೆ ಬೇಕು? ಹೆದರಿಕೆ ಅದರದ್ದು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಸುಮ್ಮನೆಯಲ್ಲ. ನಾಲ್ಕು ದಿನದಲ್ಲಿ ವಾಸನೆ ತಾನೇ ಬರುತ್ತದೆ ಎಂದುಕೊಂಡು ಕೆಲಸಕ್ಕೆ ಹೋದಳು, ಮಾಸ್ಕ್ ಸರಿಸಿದಳು, ಸುತ್ತು ಬಂದಳು, ಸೈ ಅಂದಳು. ಹತ್ತು ದಿನ ಹೀಗೇ ಅಂದಳು. ಏನೂ ಆಗಲಿಲ್ಲ. ಅದೇ ಕೆಟ್ಟದ್ದಾಯಿತು ನೋಡಿ, ಸುಳ್ಳಿಗೆ ಧೈರ್ಯ ಬಂತು.

ಹೊಸ್ತಿನ ಹಬ್ಬದ ದಿನ ಬಂತು. ನಮ್ಮ ಕಡೆ ಹೊಸ ಭತ್ತದ ಕದಿರನ್ನು ಅನ್ನ ಕೊಡುವುದಕ್ಕೆಲ್ಲ ಕಟ್ಟುವುದು ಕ್ರಮ: ಬಾಗಿಲಿಗೆ, ನೊಗಕ್ಕೆ, ದೋಣಿಗೆ, ಈಗೀಗ ಬೈಕಿಗೂ. ಯಂತ್ರವೂ ಅನ್ನ ಕೊಡುವುದೇ ಅಲ್ಲವೇ? ಶೆಟ್ರು ತಮ್ಮ ಗದ್ದೆಯಿಂದಲೇ ಕದಿರು ತಂದರು. ಯಂತ್ರದ ಬುಡದಲ್ಲಿ ಬಾಳೆಲೆ ಹಾಕಿಸಿ ದೀಪ ಇಡಿಸಿದರು. ಬೆಂಕಿಪೆಟ್ಟಿಗೆಯನ್ನು ಗೇಟಿನ ಹೊರಗೇ ಬಿಡಬೇಕೆಂದು ಕಟ್ಟಳೆ ಮಾಡಿದ ಪುಣ್ಯಾತ್ಮರೂ ಇವರೇ! ದೇವರ ದೀಪ ಬೆಂಕಿಯಲ್ಲವಂತೆ. ಯಾರ ಬುದ್ಧಿಗೆ ಏನೆನ್ನುವುದು.

"ಜಲಜಕ್ಕ, ಒಂದ್ ಸಲ ಮೂಸಿ ಕಾಣಿ. ನೀವ್ ಸೈ ಅಂದ್ರೆ ಮಾತ್ರ ದೀಪ ಹೊತ್ಸುದ್."

ಅವಳು ಸುತ್ತು ಬಂದಳು. ಸ್ಪಿರಿಟ್ ಡ್ರಮ್ಮಿನ ನಲ್ಲಿ ಸೋರಿ, ಯಂತ್ರದಡಿಯ ಮುಚ್ಚಿದ ಚರಂಡಿ ತುಂಬಿತ್ತು. ಅದರ ಮೇಲೆಯೇ ದಾಟಿ ಬಂದಳು ಮಾರಾಯ್ತಿ.

ದೀಪದ ಮುಂದೆ ಕೂತಿದ್ದ ವನಜ ಮಾಸ್ಕಿನೊಳಗೇ ಮೂಗು ಸುಕ್ಕಿಸಿದಳು. "ಅಕ್ಕ, ಎಂತದೋ ವಾಸ್ನಿ ಬಂದಂಗ್ ಆತಿಲ್ಯಾ?"

"ನಂಗ್ ಗೊತ್ತಾತಿಲ್ಲೆ" ಎಂದಿದ್ದರೆ ಸಾಕಿತ್ತು. ಎಲ್ಲರೂ ಜಲಜಕ್ಕನ ಮುಖವನ್ನೇ ನೋಡುತ್ತಿದ್ದರು.

"ನನ್ ಮೂಗಿಗ್ ಬರ್ದಿದ್ ವಾಸ್ನಿ ನಿನ್ ಮೂಗಿಗ್ ಬಂತಾ? ದೊಡ್ಡ ಮೂಗಿನವ್ಳ್ ಕಾಣಿ! ಹೊತ್ಸ್ ಹೆಣ್ಣೆ, ತಡ ಆತ್."

ಹೆಂಗಸರು ಗೊಳ್ಳೆಂದರು. ವನಜಳೂ ನಕ್ಕು ಕಡ್ಡಿ ಗೀರಿದಳು.

ಬೆಂಕಿ ನೆಲದಿಂದಲೇ ಎದ್ದಿತು. ನಿಂತಿದ್ದವರು ಬಾಗಿಲಿಗೆ ಓಡಿ ಬದುಕಿಕೊಂಡರು. ವನಜ ನೆಲದ ಮೇಲೆ ಕೂತಿದ್ದಳು.

ಮೂರನೆಯ ದಿನ ಆಸ್ಪತ್ರೆಗೆ ತನಿಖೆಯವರು ಬಂದರು. ವನಜಳಿಗೆ ಕಣ್ಣು, ಬಾಯಿ ಬಿಟ್ಟು ಉಳಿದಲ್ಲೆಲ್ಲ ಬಟ್ಟೆ ಸುತ್ತಿತ್ತು. ಆದರೂ ಮಾತಾಡಿದಳು.

"ನಂಗ್ ವಾಸ್ನಿ ಬಂದಂಗ್ ಆಯ್ತ್ ಸಾರ್, ಅದ್ ಬರೀ ಭ್ರಮಿ. ಅಕ್ಕ ಮೂಸಿ ಕಂಡಿದ್ಲ್. ಅಕ್ಕನ್ ಮೂಗ್ ತಪ್ಪುದಿಲ್ಲೆ. ನಾನೇ ಎಣ್ಣಿ ಚೆಲ್ಲಿ ಎಂತದೋ ಮಾಡ್ಕಂಡೆ."

ಬರೆದುಕೊಳ್ಳುತ್ತಿದ್ದವನು ಜಲಜಕ್ಕನತ್ತ ತಿರುಗಿದ. "ಹೌದೇನಮ್ಮ? ಏನೂ ವಾಸನೆ ಇರಲಿಲ್ಲವಾ?"

ತಂಗಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಅನುಮಾನದ ಒಂದೆಳೆಯೂ ಇರಲಿಲ್ಲ. ಜಲಜಕ್ಕ ಹೇಳಿಯೇಬಿಡಬೇಕೆಂದು ಬಾಯಿ ತೆರೆದಳು.

"ಇರ್ಲಿಲ್ಲೆ ಸಾರ್," ಅಂದಳು.

ವನಜಳ ಅಜಾಗರೂಕತೆಯಿಂದ ಬೆಂಕಿ ಹತ್ತಿತು ಎಂದು ಅವನು ಬರೆದು ಮುಗಿಸಿದ. ಸಹಿ ಮಾಡಲು ವನಜಳ ಕೈ ಬರುವಂತಿರಲಿಲ್ಲ. ಅವಳ ಪರವಾಗಿ ಅಕ್ಕನೇ ಸಹಿ ಹಾಕಿದಳು.