ಗ್ರಹಣ ಬಿಟ್ಟ ಮೇಲೆ ತೊಳೆದ ಜಾಡಿ

ಬಟವಾಡಿಯ ವನಜಮ್ಮನ ಬೇಕರಿಯಲ್ಲಿ ರಾಮಾಂಜಿನಯ್ಯ ಇಪ್ಪತ್ತೆರಡು ವರ್ಷದಿಂದ ಬ್ರೆಡ್ಡಿನ ಹಿಟ್ಟು ಕಲಸುತ್ತಿದ್ದ. ಕಲಸುವುದು ಯಾರಿಗಾದರೂ ಬರುತ್ತದೆ. ಅವನನ್ನು ಇಟ್ಟುಕೊಂಡಿದ್ದದ್ದು ಒಂದು ಪಿಂಗಾಣಿ ಜಾಡಿಗಾಗಿ. ಅದರೊಳಗೆ ಬ್ರೆಡ್ ಉಬ್ಬಿಸುವ ಹುಳಿ: ಆಲೂಗಡ್ಡೆ ಬೇಯಿಸಿದ ನೀರು, ಮೈದಾ, ಸಕ್ಕರೆ, ಮೊದಲ ಸಲ ಮಾತ್ರ ಒಂದು ಲೋಟ ಈಚಲ ಹೆಂಡ. ಆಮೇಲೆ ಅದು ತಾನೇ ಬೆಳೆಯುತ್ತದೆ. ಆದರೆ ದಿನಕ್ಕೆ ಎರಡು ಹೊತ್ತು ಉಣಿಸಬೇಕು, ಹಬ್ಬವಾಗಲಿ ಜ್ವರವಾಗಲಿ.

ಸಿ.ಎಸ್. ಪುರದಲ್ಲಿ ನಡೆದ ತಂಗಿಯ ಮದುವೆಗೂ ಜಾಡಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಹೋಗಿದ್ದ. ಬಸ್ಸಿನಲ್ಲಿ ಕಂಡಕ್ಟರು ಮೂಗು ಮುಚ್ಚಿಕೊಂಡು, "ಹೆಂಡ ತುಂಬ್ಕೊಂಡ್ ಬಂದವ್ನೆ ನೋಡಿ" ಅಂದ.

"ಹೆಂಡ ಅಲ್ಲ ಕಣಯ್ಯ, ನಿನ್ ಮಕ್ಳು ತಿನ್ನೋ ಬ್ರೆಡ್ಡು" ಅಂದರೂ ಗುಬ್ಬಿವರೆಗೆ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ.

ಎಂಬತ್ತನೇ ಇಸವಿ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಬಂತು. ಬೇಕರಿ ಬಾಗಿಲು ಹಾಕಿದರು. ರಾಮಾಂಜಿನಯ್ಯ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಗರಿಕೆ ಇಟ್ಟು, ಮನೆಗೆ ಹೋಗಿ ಹೆಣದ ಹಾಗೆ ಮಲಗಿದ. ಗ್ರಹಣ ಬಿಟ್ಟ ಮೇಲೆ ವನಜಮ್ಮನ ಅತ್ತೆ ಹೊಂಬಾಳಮ್ಮ ಮನೆಯನ್ನೂ ಬೇಕರಿಯನ್ನೂ ತೊಳೆದಳು. ಗ್ರಹಣಕ್ಕೆ ಮುಂಚಿನ ಅಡುಗೆ ಉಳಿದದ್ದನ್ನೆಲ್ಲ ಮೋರಿಗೆ ಸುರಿದಳು. ಮಾರನೆಯ ಬೆಳಿಗ್ಗೆ ಅವನು ಬಂದಾಗ ಜಾಡಿ ಸೀಗೆಪುಡಿಯಲ್ಲಿ ತಿಕ್ಕಿಸಿಕೊಂಡು ಬೋರಲು ಬಿದ್ದಿತ್ತು.

"ಗರಿಕೆ ಹಾಕಿದ್ದೆ ಕಣಜ್ಜಿ."

"ನೋಡ್ದೆ ಕಣ್ಲಾ. ಉಪ್ಪಿನ್‌ಕಾಯಿಗಾದ್ರೆ ಗರಿಕೆ ಸಾಕು. ಇದು ಗಬ್ಬು ನಾರ್ತಿತ್ತು, ಗ್ರಹಣ ಹಿಡ್ದು ಕೆಟ್ಟೋಗದೆ ಅಂದ್ಕೊಂಡೆ."

"ಇಪ್ಪತ್ತೆರಡು ವರ್ಸದಿಂದ ಹಂಗೇ ನಾರ್ತದೆ."

"ನಂಗೇನ್ ಗೊತ್ತು? ನೀನೇ ನಾರ್ತೀಯ ಅಂದ್ಕೊಂಡಿದ್ದೆ."

ವನಜಮ್ಮ ನಗಲಿಲ್ಲ. "ನಾಳೆ ಬೆಳಿಗ್ಗೆಗೆ ಹುಳಿ ಇರ್ಬೇಕು ನೋಡಪ್ಪ. ಇಲ್ದಿದ್ರೆ ಬೆಂಗಳೂರಿಂದ ಡಬ್ಬಿ ಈಸ್ಟ್ ತರಿಸ್ತೀನಿ. ಪುಡಿ ಹಾಕಿ ಕಲಸೋಕೆ ಯಾರಾದ್ರೂ ಆಯ್ತಾರೆ."

ಹೆಂಡ ತಂದು ಹೊಸದಾಗಿ ಶುರು ಮಾಡಿದರೆ ಹದಕ್ಕೆ ಬರಲು ವಾರ ಬೇಕು. ರಾಮಾಂಜಿನಯ್ಯ ಹಿಟ್ಟು ಕಲಸುವ ಮರದ ತೊಟ್ಟಿಯ ಅಂಚಿಗೆ ಕುಸಿದು ಕೂತ. ಮುದುಕಿಯ ಮೇಲೆ ಕೂಗಾಡೋಣವೆಂದರೆ ಮೈಯಲ್ಲಿ ಕಸುವಿರಲಿಲ್ಲ. ಸುಮ್ಮನೆ ಕೆರೆಯುತ್ತಿದ್ದ ಉಗುರಿಗೆ ಮರದ ಬಿರುಕಿನಲ್ಲಿ ಒಣಗಿದ ಹಿಟ್ಟು ಸಿಕ್ಕಿತು, ಹಳೆಯ ಹುಳಿ ಹಾಕಿ ಕಲಸಿದ್ದೇ. ತೊಟ್ಟಿ ಭಾರ, ಮುದುಕಿ ಬರೀ ಒರೆಸಿ ಬಿಟ್ಟಿದ್ದಳು.

ಚಾಕುವಿನಿಂದ ಎಲ್ಲ ಬಿರುಕನ್ನೂ ಕೆದಕಿದ. ಒಂದು ಹಿಡಿ ಚೂರು ಬಂತು. ಉಗುರುಬೆಚ್ಚನೆ ಆಲೂಗಡ್ಡೆ ನೀರಿಗೆ ಸಕ್ಕರೆ ಹಾಕಿ, ಚೂರನ್ನು ಜಾಡಿಯಲ್ಲಿ ನೆನೆಸಿ, ಒಲೆಗೋಡೆಯ ಪಕ್ಕ ಇಟ್ಟ. ಮಧ್ಯಾಹ್ನ ನೋಡಿದ, ಏನಿಲ್ಲ. ಸಂಜೆ ನೋಡಿದ, ಕೆಸರು. ಸತ್ತರೆ ಸಾಯಲಿ, ಊರಿಗೆ ಹೋಗಿ ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಬಹುದು ಅನ್ನಿಸಿತು. ಅನ್ನಿಸಿದ್ದಕ್ಕೆ ಅವನಿಗೇ ಹೆದರಿಕೆಯಾಯಿತು. ಕೆಲಸ ಹೋದರೆ ಉಣ್ಣುವುದೇನು?

ಬೆಳಿಗ್ಗೆ ಮುಚ್ಚಳ ತೆಗೆದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳುತ್ತಿದ್ದವು. ಅದೇ ನಾತ.

"ಬದುಕ್ತಲ್ಲಪ್ಪ" ಅಂದಳು ವನಜಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡೇ.

ಅವನಿಗೆ ಖುಷಿಯೇನೂ ಆಗಲಿಲ್ಲ. ಇನ್ನೊಂದು ಪಾತ್ರೆ ತಂದು ಅರ್ಧ ಸುರಿದ. ಉಣಿಸುವುದನ್ನು ಕಲಿಸಿಬಿಟ್ಟರೆ ಆಮೇಲೆ ತಾನು ಬೇಕಾಗುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇದನ್ನ ನೀವ್ ಸಾಕಿ ಅಮ್ಮಾವ್ರೆ. ಎಷ್ಟು ಹಿಟ್ಟು, ಎಷ್ಟು ನೀರು, ತೋರಿಸ್ತೀನಿ ಬನ್ನಿ. ನಾನು ಎರಡು ದಿನ ಮಲಗ್ಬೇಕು."